ಡಿಫೆಕ್ಟ್ ಬಾನುವಿನ ಐದು ಶುಕ್ರವಾರ

ಅಖ್ತರ್ ಬಾನುವಿನ ಬಗ್ಗೆ ಕೇರಿಯವರ ಮಾತು ಒಂದೇ ಬಗೆಯದಾಗಿರಲಿಲ್ಲ. ಎದುರುಮನೆಯ ಅನ್ನಮ್ಮ, "ಆ ಹೆಂಗಸಿನ ಕೈಗೆ ಮದುವೆ ಸೀರೆ ಕೊಡಿ ಬೇಕಾದ್ರೆ, ಎಲ್ಲಿ ಎಳೆ ಬಿಟ್ಟಿದೆ ಅಂತ ಬೆರಳಿಟ್ಟು ತೋರಿಸ್ತಾಳೆ. ಅದಕ್ಕೇ ನಾನು ಹೊಸಾ ಸೀರೆ ಉಟ್ಟ ದಿನ ಅವಳ ಬಾಗಿಲ ಮುಂದೆ ಹಾಯೋದೇ ಇಲ್ಲ" ಎಂದು ನಗುತ್ತಿದ್ದಳು. ಮೂಲೆಮನೆಯ ಕಮಲಕ್ಕನ ನಾಲಿಗೆ ಸ್ವಲ್ಪ ಹರಿತ. "ಅಷ್ಟು ಸೂಕ್ಷ್ಮದ ಕಣ್ಣು ಗಂಡನ್ನ ಒಪ್ಪೋವಾಗ ಎಲ್ಲಿಗೆ ಹೋಗಿತ್ತೋ ಮಾರಾಯ್ತಿ" ಎನ್ನುತ್ತಿದ್ದಳು. ಗಂಡಸರು ಇಷ್ಟೆಲ್ಲ ಮಾತಿನ ಗೋಜಿಗೆ ಹೋಗದೆ ಅವಳಿಗೊಂದು ಹೆಸರು ಇಟ್ಟು ಮುಗಿಸಿದ್ದರು. ನರಸಿಂಹರಾಜಪುರದ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಅಖ್ತರ್ ಬಾನುವಿನ ಮನೆ ಎಲ್ಲಿ ಎಂದು ಕೇಳಿದರೆ ನಾಲ್ಕು ಜನ ನಾಲ್ಕು ದಿಕ್ಕು ತೋರಿಸುತ್ತಿದ್ದರು. ಡಿಫೆಕ್ಟ್ ಬಾನು ಎಂದರೆ ಸಾಕು, ದಾರಿಯಲ್ಲಿ ಹೋಗುವ ಎಮ್ಮೆಯೂ ಆ ಕಡೆ ತಿರುಗುತ್ತಿತ್ತು.

ಆ ಇಂಗ್ಲಿಷ್ ಶಬ್ದ ಆ ಊರಿಗೆ ಬಂದದ್ದೇ ಅವಳ ಮನೆಯ ಬಟ್ಟೆಗಂಟಿನ ಜೊತೆ. ದಾವಣಗೆರೆ ಕಡೆಯ ಮಿಲ್ಲುಗಳಲ್ಲಿ ನೇಯುವಾಗ ಎಳೆ ತಪ್ಪಿದ, ಬಣ್ಣ ಹಾರಿದ, ಎಣ್ಣೆ ಸಿಡಿದ ಬಟ್ಟೆಯನ್ನು ಬೇರೆ ಮಾಡಿ, ಗೋಣಿಯಲ್ಲಿ ಕಟ್ಟಿ, ಮೇಲೆ ಆ ಶಬ್ದ ಒತ್ತಿ ಮಾರುತ್ತಿದ್ದರು. ಬಟ್ಟೆ ಅಗ್ಗ, ಜನ ಕೊಂಡರು. ಬಟ್ಟೆಯ ಜೊತೆ ಶಬ್ದವನ್ನೂ ಮನೆಗೆ ಒಯ್ದರು. ಆಮೇಲೆ ಅದು ಬಟ್ಟೆಯಲ್ಲೇ ನಿಲ್ಲಲಿಲ್ಲ. ಏರಿನಲ್ಲಿ ನಿಂತುಬಿಡುವ ಬಸ್ಸಿಗೆ ಡಿಫೆಕ್ಟು. ಕರಕರ ಎನ್ನುವ ರೇಡಿಯೋಕ್ಕೆ ಡಿಫೆಕ್ಟು. ಒಂದು ಮೊಲೆಯಲ್ಲಿ ಹಾಲು ಬಾರದ ದನಕ್ಕೂ ಡಿಫೆಕ್ಟು. ಗಂಡ ಹೆಂಡತಿ ಜಗಳವಾಡಿದರೆ, "ನಿನ್ನ ತಲೆಯಲ್ಲೇ ಡಿಫೆಕ್ಟ್ ಇರೋದು" ಎಂದು ಮುಗಿಯುತ್ತಿತ್ತು.

ಗಂಟು ತರುತ್ತಿದ್ದವನು ಬಾನುವಿನ ಗಂಡ ಅಬ್ದುಲ್ ಅಜೀಜ್. ಮನೆಯ ಮುಂದಿನ ಕೋಣೆಯೇ ಅಂಗಡಿ, ಹಿಂದಿನ ಕೋಣೆ ಸಂಸಾರ. ಅವನ ಮಾತು ಬೆಣ್ಣೆ. ಮಿಲ್ಲಿನವರು ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುವಾಗ ಎಲ್ಲಿ ಕೊರತೆ ಕಂಡಿತೋ ಅಲ್ಲಿ ಅಂಚಿಗೆ ಒಂದು ಕೆಂಪು ದಾರ ಕಟ್ಟಿ ಗುರುತು ಮಾಡುತ್ತಾರೆ. ಅಜೀಜ್ ಗಂಟು ಬಿಚ್ಚಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಆ ದಾರಗಳನ್ನೆಲ್ಲ ಕಿತ್ತು ಒಲೆಗೆ ಹಾಕುವುದು. ದಾರ ಹೋದ ಮೇಲೆ ಬಟ್ಟೆ ಒಳ್ಳೆಯ ಬಟ್ಟೆಯೇ. ಸಂತೆಯಲ್ಲಿ ಅದನ್ನು ಹರವಿ, ಕೊರತೆ ಇದ್ದ ಜಾಗದ ಮೇಲೆ ತನ್ನ ಅಂಗೈ ಇಟ್ಟುಕೊಂಡು, ಕೊಳ್ಳುವವಳ ಮಕ್ಕಳ ಹೆಸರು ಕೇಳುತ್ತಾ ಕೂರುತ್ತಿದ್ದ.

ಎಪ್ಪತ್ತಮೂರರಲ್ಲಿ ಒಂದು ಬೆಳಿಗ್ಗೆ ಗಂಟು ತರುತ್ತೇನೆಂದು ಹೋದವನು ತಿರುಗಿ ಬರಲಿಲ್ಲ. ಮಗಳು ತಾಹೇರಾಗೆ ಆಗ ಏಳು ವರ್ಷ. ತಿಂಗಳ ಮೇಲೆ ಒಬ್ಬ ಕಂಡಕ್ಟರು, "ನಿಮ್ಮ ಸಾಹೇಬರು ಕೊಪ್ಪದಲ್ಲಿ ಮನೆ ಮಾಡಿದ್ದಾರೆ, ಅಲ್ಲೊಂದು ನಿಕಾಹ್ ಆಗಿದೆಯಂತೆ" ಎಂದು ಟಿಕೆಟು ಹರಿದು ಕೊಡುವಷ್ಟೇ ಸಲೀಸಾಗಿ ಹೇಳಿ ಹೋದ. ಕೊಪ್ಪ! ಓಡಿಹೋದವನು ಬೊಂಬಾಯಿಗೆ ಹೋಗಿದ್ದರೆ ಹೇಳಿಕೊಳ್ಳುವುದಕ್ಕಾದರೂ ಒಂದು ದೂರ ಇರುತ್ತಿತ್ತು. ಬೆಳಿಗ್ಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮರಳಬಹುದಾದ ಊರಿನಲ್ಲಿ ಅವನಿದ್ದ. ಬಾನು ಹೋಗಲಿಲ್ಲ. ಅವನೂ ಬರಲಿಲ್ಲ. ತಲಾಕೂ ಇಲ್ಲ, ಕಾಗದವೂ ಇಲ್ಲ.

ಅವನು ಹೋಗಿ ಎರಡು ತಿಂಗಳಾಗಿರಬಹುದು. ಮುತ್ತಿನಕೊಪ್ಪದ ಭೈರಮ್ಮ ಮಗಳ ಲಂಗವನ್ನು ಕೈಯಲ್ಲಿ ಹಿಡಿದುಕೊಂಡು ಬಂದಳು. ತೋಟದ ಕೂಲಿಯವಳು, ದನಿ ಇಡೀ ಬೀದಿಗೆ ಕೇಳುವಂಥದ್ದು.

"ಎಲ್ಲಿ ನಿನ್ ಗಂಡ? ಒಂದೇ ಒಗೆತಕ್ಕೆ ಉದ್ದಕೂ ಸೀಳಿ ಹೋಯ್ತು ನೋಡು! ಕರಿ ಅವನ್ನ!"

"ಇಲ್ಲ."

"ಯಾವಾಗ ಬರ್ತಾನೆ?"

"ಬರಲ್ಲ. ನಮ್ಮನ್ನ ಬಿಟ್ಟು ಹೋದ್ರು."

ಭೈರಮ್ಮ ಹೊಸ್ತಿಲ ಮೇಲೆ ಕುಕ್ಕರಿಸಿ, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡಳು. "ಹಂಗಾರೆ ನಂಗೂ ನಿಂಗೂ ಮೋಸ ಮಾಡಿದ್ದು ಒಬ್ಬನೇಯ ಕಣೆ" ಎಂದಳು. ಬಾನುವಿಗೆ ಅಷ್ಟು ದಿನ ಬಾರದ ಅಳು ಆವತ್ತು ಬಂತು, ಅಳುವಿನ ನಡುವೆ ನಗುವೂ ಬಂತು.

ಲಂಗಕ್ಕೆ ಬದಲು ಬಟ್ಟೆ ಹರಿದು ಕೊಟ್ಟಳು. ಆವತ್ತಿನಿಂದ ಅಂಗಡಿಯ ರೀತಿಯೇ ಬದಲಾಯಿತು. ಮಿಲ್ಲಿಗೆ ಹೇಳಿ ಕಳಿಸಿ ಲಾರಿಯಲ್ಲಿ ತರಿಸಿಕೊಂಡ ಗಂಟಿನ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಮಿಲ್ಲಿನವರು ಬಿಟ್ಟ ಕೊರತೆಯನ್ನೂ ಹುಡುಕಿ ಹುಡುಕಿ ಅವಳೇ ಕೆಂಪು ದಾರ ಕಟ್ಟತೊಡಗಿದಳು. ಗಿರಾಕಿ ಬಂದರೆ ಬಟ್ಟೆಯ ಚಂದ ಹೇಳುವ ಮೊದಲು ದಾರ ತೋರಿಸುವುದು. ಒಂದೊಂದು ದಾರಕ್ಕೂ ನಾಲ್ಕು ಬೆರಳಿನಷ್ಟು ಬಟ್ಟೆ ಹೆಚ್ಚಿಗೆ ಅಳೆದು ಕೊಡುವುದು. "ದಾರಕ್ಕೆ ನಾಲ್ಕು ಬೆರಳು" ಎನ್ನುವುದು ಮುತ್ತಿನಕೊಪ್ಪದಿಂದ ಬಾಳೆಹೊನ್ನೂರಿನವರೆಗೆ ಹೆಂಗಸರಿಗೆಲ್ಲ ಬಾಯಿಪಾಠವಾಯಿತು. ಆಮೇಲಾಮೇಲೆ ಅವರು ದಾರ ಇಲ್ಲದ ತುಂಡನ್ನು ಮುಟ್ಟುತ್ತಲೇ ಇರಲಿಲ್ಲ. "ನಂಗೆ ಐದು ದಾರದ್ದು ಕೊಡೇ, ಕೊರತೆ ನೆರಿಗೆ ಒಳಗೆ ಹೋಗ್ತದೆ" ಎಂದು ಒಬ್ಬಳು, "ಏಳು ದಾರದ್ದು ಅವಳಿಗೆ ಕೊಟ್ಟಿದ್ದೀಯ, ನಾನೆಂತ ಪಾಪ ಮಾಡಿದ್ದೆ?" ಎಂದು ಇನ್ನೊಬ್ಬಳು. ಹೀಗೆ ಹನ್ನೆರಡು ವರ್ಷ ಹೊಟ್ಟೆಪಾಡು ನಡೆಯಿತು.

ಇಷ್ಟರಲ್ಲಿ ಬಾನುವಿಗೆ ಒಂದು ಅಭ್ಯಾಸ ಕೂತುಬಿಟ್ಟಿತ್ತು. ಯಾವುದೇ ವಿಷಯವಿರಲಿ, ಎದುರಿಗೆ ಜನ ಕೂತರೆ, ಅವಳ ಬಾಯಲ್ಲಿ ಮೊದಲು ಬರುತ್ತಿದ್ದದ್ದು ಅದರ ಕೊರತೆ. ಹಬ್ಬದ ಸೇಮಿಗೆ ಬಡಿಸುತ್ತಾ, "ಸಕ್ಕರೆ ಕಮ್ಮಿ ಆಗಿದೆ" ಎನ್ನುವಳು. ಆಮೇಲೆಯೇ "ತಿನ್ನಿ" ಎನ್ನುವುದು.

ಎಂಬತ್ತೈದರ ಬೇಸಿಗೆ ಬರುವ ಹೊತ್ತಿಗೆ ಒಂದು ದಿನ ನಿವೃತ್ತ ಮೇಷ್ಟ್ರು ಗಣಪಯ್ಯ ಅಂಗಿ ಬಟ್ಟೆಗೆಂದು ಬಂದರು. ಲೈಬ್ರರಿಯಲ್ಲಿ ಇಂಗ್ಲಿಷ್ ಪೇಪರು ಓದಿ, ಓದಿದ್ದನ್ನು ಯಾರಿಗಾದರೂ ಹೇಳದೆ ಮನೆಗೆ ಹೋದರೆ ಅವರಿಗೆ ಊಟ ಸೇರುತ್ತಿರಲಿಲ್ಲ.

"ಬಾನಮ್ಮ, ನಿನ್ನ ಶಬ್ದ ಪೇಪರಲ್ಲಿ ಬಂದಿದೆ. ದಿಲ್ಲಿಯಲ್ಲಿ ಅದರ ಮೇಲೆ ಕಾನೂನೇ ಮಾಡಿದಾರೆ."

"ಬಟ್ಟೆ ಮೇಲಾ ಮೇಷ್ಟ್ರೇ?"

"ಬಟ್ಟೆ ಮೇಲಲ್ಲ. ಒಂದು ಪಾರ್ಟಿಯಲ್ಲಿ ಗೆದ್ದು ಇನ್ನೊಂದಕ್ಕೆ ಹಾರ್ತಾರಲ್ಲ, ಅವರ ಮೇಲೆ. ಅದಕ್ಕೂ ಇದೇ ಶಬ್ದ. ತನ್ನ ಕಡೆಯವರನ್ನ ಬಿಟ್ಟು ಆಚೆ ಕಡೆಗೆ ಹೋಗಿ ಸೇರೋದು. ಬರೆಯೋದು ಒಂದೇ, ಹೇಳೋವಾಗ ಮಾತ್ರ ಬಟ್ಟೆಗೆ ಮುಂದೆ ಒತ್ತು, ಹಾರೋವ್ರಿಗೆ ಹಿಂದೆ ಒತ್ತು." ಮೇಷ್ಟ್ರು ಎರಡನ್ನೂ ಹೇಳಿ ತೋರಿಸಿದರು.

ಬಾನು ಬಟ್ಟೆ ಮಡಿಸುತ್ತಾ ಕೇಳಿದಳು, "ಹೆಂಡ್ತಿ ಬಿಟ್ಟು ಹೋದವರಿಗೂ ಅದೇ ಶಬ್ದವಾ?"

ಗಣಪಯ್ಯ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು. "ಇಲ್ಲ ಕಣಮ್ಮ. ಅದಕ್ಕೆ ಬೇರೆ ಶಬ್ದ ಇದೆ. ಇದು ಬರೀ ಪಾರ್ಟಿ, ದೇಶ, ಅಂಥದ್ದಕ್ಕೆ."

"ಅವರೂ ಈ ಮನೆ ಬಿಟ್ಟು ಆ ಮನೆ ಸೇರಿದಾರಲ್ಲ. ಕಡೆ ಬದಲಾಯಿಸಿದ ಹಾಗೇ ಅಲ್ಲವಾ?"

"ಹಾಗೆ ನೋಡಿದ್ರೆ ಹೌದು ಅನ್ನು. ಆದ್ರೆ ಕಾನೂನು ಪಾರ್ಟಿಯವರಿಗೆ ಮಾತ್ರ. ಪಾರ್ಟಿ ಬಿಟ್ಟರೆ ಅವರ ಕುರ್ಚಿ ಹೋಗ್ತದೆ."

"ಮನೆ ಬಿಟ್ಟರೆ ಎಂತ ಹೋಗ್ತದೆ?"

ಮೇಷ್ಟ್ರು ಎರಡೂವರೆ ಗಜ ಹರಿಯಲು ಹೇಳಿದರು.

ತಾಹೇರಾಗೆ ಆಗ ಹತ್ತೊಂಬತ್ತು. ಒಳಗಿನ ಕೋಣೆಯಲ್ಲಿ ಮಿಷನ್ನು ತುಳಿಯುತ್ತಾ ರವಿಕೆ ಹೊಲಿಯುತ್ತಿದ್ದಳು. ಬಾಳೆಹೊನ್ನೂರಿನಲ್ಲಿ ಟೈಲರಿಂಗ್ ಮಾಡುತ್ತಿದ್ದ ಜಮಾಲ್ ಅಸ್ತರಿನ ಬಟ್ಟೆಗೆಂದು ವಾರಕ್ಕೊಮ್ಮೆ ಬರುತ್ತಿದ್ದ. ಬಾಳೆಹೊನ್ನೂರಿನಲ್ಲಿ ಬಟ್ಟೆಯಂಗಡಿ ಇರಲಿಲ್ಲವೆಂದಲ್ಲ. ಅವನು ಬಂದ ದಿನ ತಾಹೇರಾ ಒಂದೇ ತೋಳನ್ನು ಮೂರು ಸಲ ಬಿಚ್ಚಿ ಹೊಲಿಯುವುದು ಬಾನುವಿಗೆ ಕಾಣುತ್ತಿತ್ತು. ಕೊನೆಗೆ ಅವನ ತಾಯಿ ಜಹೀದಾ ಹುಡುಗಿ ನೋಡಲು ಬರುತ್ತೇನೆಂದು ಹೇಳಿ ಕಳಿಸಿದಳು. ಕಡೂರಿನ ಕಡೆಯಿಂದ ಬಂದು ಬಾಳೆಹೊನ್ನೂರಲ್ಲಿ ನೆಲೆಸಿ ಮೂರೇ ವರ್ಷವಾಗಿದ್ದ ಮನೆತನ. ಅಜೀಜನ ಕತೆ ಅವರಿಗೆ ಗೊತ್ತಿರಲಿಲ್ಲ.

ಕೇರಿಯ ಹಿರಿಯ ಅಬ್ದುಲ್ ರಹಮಾನ್ ಬಳೆ ವ್ಯಾಪಾರಿ, ಜಮಾತಿನಲ್ಲಿ ನಾಲ್ಕು ಜನ ಮಾತು ಕೇಳುವಂಥವರು. ಹಿಂದಿನ ದಿನವೇ ಬಂದು ಬಾನುವಿಗೆ ಬುದ್ಧಿ ಹೇಳಿದರು. "ನೋಡಮ್ಮಾ, ತಂದೆ ಎಲ್ಲಿ ಅಂತ ಕೇಳಿದ್ರೆ ಹೊರಗಡೆ ವ್ಯಾಪಾರದಲ್ಲಿದ್ದಾರೆ ಅನ್ನು. ಸುಳ್ಳಲ್ಲವಲ್ಲ! ನಿಕಾಹಿಗೆ ತಂದೆ ಜಾಗದಲ್ಲಿ ನಾನು ಕೂರ್ತೀನಿ. ಮದುವೆ ಆಗಿ ಒಂದು ಮಗು ಆದಮೇಲೆ ಯಾರು ಕೇಳ್ತಾರೆ ಇದನ್ನೆಲ್ಲ? ನೀನು ಮಾತ್ರ ಬಾಯಿ ಬಿಗಿ ಹಿಡಿ."

ಬಾನು ಹೂಂ ಎಂದಳು. ಅಷ್ಟೇ ಹೇಳುವುದೆಂದು ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡಳು.

ಮರುದಿನ ಜಹೀದಾ ಬಂದು ಚಾಪೆಯ ಮೇಲೆ ಕೂತಳು. ಒಳ್ಳೆಯ ಹೆಂಗಸು. ತಾಹೇರಾಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು, ಅವಳ ಹೊಲಿಗೆ ನೋಡಿ ಮೆಚ್ಚಿದಳು. ಪಕ್ಕದಲ್ಲಿ ಹರವಿದ್ದ ಬಟ್ಟೆಯನ್ನು ಸುಮ್ಮನೆ ಬೆರಳಲ್ಲಿ ಮುಟ್ಟುತ್ತಾ, "ಮತ್ತೆ ಹುಡುಗಿಯ ಅಬ್ಬಾ ಎಲ್ಲಿದ್ದಾರೆ ಆಪಾ?" ಎಂದಳು.

ಬಟ್ಟೆ ಮುಟ್ಟುತ್ತಾ ಕೇಳಿದಳಲ್ಲ! ಹನ್ನೆರಡು ವರ್ಷ ಹಾಗೆ ಬಟ್ಟೆ ಮುಟ್ಟಿದವರಿಗೆಲ್ಲ ಬಾನು ಏನು ಹೇಳಿದ್ದಳೋ ಅದೇ ದಾರಿಯಲ್ಲಿ ನಾಲಿಗೆ ಹೊರಳಿತು.

"ಅವರು ನಮ್ಮನ್ನ ಬಿಟ್ಟು ಹನ್ನೆರಡು ವರ್ಷ ಆಯ್ತು. ಕೊಪ್ಪದಲ್ಲಿ ಇನ್ನೊಂದು ಸಂಸಾರ ಇದೆ. ಮೊದಲೇ ಹೇಳಿಬಿಡ್ತೀನಿ."

ಬಾಗಿಲ ಬಳಿ ಕೂತಿದ್ದ ರಹಮಾನರು ಕಣ್ಣು ಮುಚ್ಚಿಕೊಂಡರು. ತಾಹೇರಾ ಎದ್ದು ಒಳಗೆ ಹೋದಳು.

ಜಹೀದಾ ಬಟ್ಟೆಯಿಂದ ಕೈ ತೆಗೆದಳು. ಆಮೇಲೆ ಮೆಲ್ಲಗೆ, "ನೀವು ಹೇಳಿದ್ದು ಒಳ್ಳೇದಾಯ್ತು. ನನಗೆ ಹುಡುಗಿ ಇಷ್ಟ, ಮಗನಿಗಂತೂ ಹೇಳೋದೇ ಬೇಡ. ಆದ್ರೆ ನಮ್ಮ ಮನೆಯವರ ಅಣ್ಣಂದಿರು ಹಾಗಲ್ಲ. ತಂದೆ ಬದುಕಿದ್ದಾನೆ, ಪಕ್ಕದ ತಾಲೂಕಲ್ಲೇ ಇದ್ದಾನೆ, ಮಗಳ ನಿಕಾಹಿಗೆ ಬರಲಿಲ್ಲ ಅಂದ್ರೆ ಹುಡುಗಿ ಮೇಲೇ ಏನೋ ಇದೆ ಅಂತಾರೆ. ಅವರು ಒಂದು ದಿನ ಬಂದು ಕಾಜಿಗಳ ಪಕ್ಕ ಕೂತರೆ ಸಾಕು, ಯಾರ ಬಾಯೂ ಏಳಲ್ಲ" ಎಂದಳು. ಸ್ವಲ್ಪ ನಕ್ಕು ಸೇರಿಸಿದಳು, "ದಾರಕ್ಕೆ ನಾಲ್ಕು ಬೆರಳು ನೀವೇ ಕೊಡ್ತೀರಂತಲ್ಲ ಆಪಾ. ಇದು ಅಷ್ಟೇ ಅಂದ್ಕೊಳ್ಳಿ."

ಅವಳು ಹೋದ ಮೇಲೆ ರಹಮಾನರು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. "ನಿನ್ನನ್ನ ಯಾರಮ್ಮ ದಾರ ಕಟ್ಟು ಅಂದಿದ್ದು? ಹೆಣ್ಣೇನು ಸಂತೆಯ ಬಟ್ಟೆಯಾ?" ಎಂದು ಟೋಪಿ ಕೊಡವಿಕೊಂಡು ಹೋದರು. ಒಳಗೆ ತಾಹೇರಾ ಮಿಷನ್ನಿನ ಮುಂದೆ ಕೂತಿದ್ದಳು. ಚಕ್ರ ತಿರುಗುತ್ತಿತ್ತು, ಸೂಜಿಯ ಕೆಳಗೆ ಬಟ್ಟೆ ಇರಲಿಲ್ಲ.

"ಬೇಡ ಅಮ್ಮಿ. ಅವರ ಹತ್ರ ಹೋಗ್ಬೇಡ. ನಂಗೆ ಈ ಮದುವೆಯೇ ಬೇಡ" ಎಂದಳು. ಹಾಗೆನ್ನುವಾಗ ಅವಳ ದನಿ ಹೇಗಿತ್ತೆಂದರೆ, ಬಾನು ಮಾರನೆಯ ಬೆಳಿಗ್ಗೆ ಮೊದಲನೇ ಬಸ್ಸಿಗೇ ಹೊರಟಳು.

ರಂಜಾನ್ ಹಿಡಿಯುವುದರೊಳಗೆ ಮದುವೆ, ಮದುವೆಯ ಮೇಲಿನ ಊಟೋಪಚಾರ ಎಲ್ಲ ಮುಗಿಯಬೇಕು, ಹೆಚ್ಚು ದಿನವಿಲ್ಲ. ಬಾಳೆಹೊನ್ನೂರಿನಲ್ಲಿ ಬಸ್ಸು ಬದಲಿಸುವಾಗ ಜಮಾಲನ ಮನೆಯವರು ಯಾರಾದರೂ ಕಂಡಾರೆಂದು ಸೆರಗು ಮೂಗಿನವರೆಗೆ ಎಳೆದುಕೊಂಡಳು. ಹನ್ನೆರಡು ವರ್ಷ ಅಜೀಜನಿಗೆ ಹೇಳಬೇಕೆಂದು ಕಟ್ಟಿಟ್ಟುಕೊಂಡ ಮಾತುಗಳಿದ್ದವು, ಒಂದೊಂದನ್ನೂ ಜೋಡಿಸಿಕೊಂಡಳು. ಕೊಪ್ಪದ ಬಸ್ ಸ್ಟ್ಯಾಂಡಿನ ಹಿಂದಿನ ಸಾಲಿನಲ್ಲಿ ಕೊಡೆ, ಸಿದ್ಧ ಅಂಗಿಗಳ ಸಣ್ಣ ಅಂಗಡಿ. ಅವನು ಮುದುಕನಾಗಿದ್ದ. ಅಂಗಿಯ ಒಂದು ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು ಬಾನುವಿಗೆ ಕಂಡಿತು. ಅದನ್ನು ನೋಡಿದ್ದೇ, ಜೋಡಿಸಿಕೊಂಡ ಮಾತುಗಳು ಅತ್ತಿತ್ತ ಚೆದುರಿ ಹೋದವು.

"ಬಾ, ಬಾ. ಬಿಸಿಲಲ್ಲಿ ಬಂದಿದ್ದೀಯ, ಕೂತ್ಕೋ" ಎಂದ. ನಿನ್ನೆ ತಾನೇ ಭೇಟಿಯಾದವರ ಹಾಗೆ! ಚಹಾಕ್ಕೆ ಹೇಳಿದ. "ತಾಹೇರಾ ಎಷ್ಟೆತ್ತರ ಆಗಿದ್ದಾಳೆ?"

"ನನಗಿಂತ ಎತ್ತರ."

"ನನ್ನಮ್ಮನ ಹಾಗೆ" ಎಂದು ಅವನು ತಲೆದೂಗಿದ.

ಬಾನು ಬಂದ ಕಾರಣ ಹೇಳಿದಳು. ಅವನು ಪೂರ್ತಿ ಕೇಳಿದ. "ಬರ್ತೀನಿ. ನನ್ನ ಮಗಳಲ್ಲವಾ? ಬಾರದೆ ಇರ್ತೀನಾ?" ಎಂದ. ಬಾನುವಿಗೆ ಇಷ್ಟು ಸುಲಭವೆಂದು ತಿಳಿದಿರಲಿಲ್ಲ. ಚಹಾದ ಲೋಟ ಎತ್ತಿಕೊಂಡಳು. ಆಗ ಅವನು ಅದೇ ದನಿಯಲ್ಲಿ, ಮುಂದುವರಿದ ಒಂದೇ ಮಾತೆಂಬಂತೆ ಹೇಳಿದ. "ನೀನಿರೋ ಆ ಮನೆ ವಿಷಯ ನಾನೇ ಹೇಳಿ ಕಳಿಸೋಣ ಅಂತಿದ್ದೆ. ಮರದ ವ್ಯಾಪಾರಿ ಒಬ್ಬರು ಗೋಡೌನಿಗೆ ಕೇಳ್ತಿದ್ದಾರೆ. ಮಾತು ಆಗಿದೆ. ಇಲ್ಲೂ ಮೂರು ಮಕ್ಕಳಿದಾರೆ, ಈ ಅಂಗಡಿಯಲ್ಲಿ ಏನು ಹುಟ್ಟುತ್ತೆ? ಮಗಳು ಹೋದಮೇಲೆ ನೀನೊಬ್ಬಳೇ. ಅಷ್ಟು ದೊಡ್ಡ ಮನೆ ಎಂತಕ್ಕೆ ನಿನಗೆ?"

"ಎರಡೇ ಕೋಣೆ" ಎಂದಳು ಬಾನು.

"ಅದೇ. ಎರಡು ಕೋಣೆ."

ಮನೆ ಬಿಡದಿದ್ದರೆ ಬರುವುದಿಲ್ಲ ಎಂದು ಅವನು ಹೇಳಲಿಲ್ಲ. ಎರಡು ಮಾತನ್ನೂ ಪಕ್ಕಪಕ್ಕದಲ್ಲಿಟ್ಟು ಚಹಾ ಕುಡಿದ. ಬಾನು ಲೋಟವನ್ನು ಕೆಳಗಿಟ್ಟಳು. ಜಗಳವಾಡಬಹುದಿತ್ತು. ಆ ಬೀದಿಯ ನಡುವೆ ನಿಂತು ಭೈರಮ್ಮನ ಹಾಗೆ ಕೂಗಬಹುದಿತ್ತು. ಕೂಗಿದರೆ ಅವನು ನಿಕಾಹಿಗೆ ಬರುತ್ತಿರಲಿಲ್ಲ, ಅಷ್ಟೇ.

"ಐದು ಶುಕ್ರವಾರ ಮುಗಿಯಲಿ" ಎಂದಳು. ಮದುವೆಯಾದ ಮೇಲೆ ಐದು ಶುಕ್ರವಾರ ಮಗಳು ಅಳಿಯನ ಜೊತೆ ತವರಿಗೆ ಬಂದು ಉಣ್ಣುವುದು ಅವರಲ್ಲಿ ವಾಡಿಕೆ. ಜುಮಾಗಿ ಎನ್ನುತ್ತಾರೆ. "ಜುಮಾಗಿ ನಡೆಯೋಕೆ ಅವಳಿಗೊಂದು ತವರು ಬೇಕಲ್ಲ. ಐದನೇದು ಮುಗಿದ ಮಾರನೇ ದಿನ ಬಿಡ್ತೀನಿ. ಅಲ್ಲಿವರೆಗೆ ಯಾರಿಗೂ ಹೇಳಬೇಡಿ."

"ಛೆ ಛೆ, ಧಾರಾಳವಾಗಿ. ನಾನೇನು ಅವಸರ ಮಾಡಿದ್ನಾ?" ಎಂದ ಅಜೀಜ್.

ಊರಿಗೆ ಬಂದು ಗಣಪಯ್ಯನವರೊಬ್ಬರನ್ನು ಮಾತ್ರ, ಯಾರದೋ ಕತೆಯೆಂಬಂತೆ ಕೇಳಿದಳು. ಮೇಷ್ಟ್ರಿಗೆ ಯಾರದೆಂದು ಗೊತ್ತಾಗದೆ ಇರಲಿಲ್ಲ. ಮನೆಯ ಪತ್ರ ಯಾರ ಹೆಸರಲ್ಲಿದೆ ಎಂದು ಕೇಳಿದರು. ಅವನ ಹೆಸರಲ್ಲಿ, ಅವನ ತಂದೆಯಿಂದ ಬಂದದ್ದು. "ಕೇಸು ಹಾಕಬಹುದು. ಚಿಕ್ಕಮಗಳೂರಿಗೆ ಓಡಾಡಬೇಕು. ವರ್ಷಗಟ್ಟಲೆ ಆಗ್ತದೆ. ಆ ಹೆಣ್ಣಿನ ಮದುವೆ ಯಾವಾಗ?" ಎಂದರು. "ಮುಂದಿನ ತಿಂಗಳು" ಎಂದಳು ಬಾನು. ಮೇಷ್ಟ್ರು ಪೇಪರಿನ ಮೂಲೆಯನ್ನು ಮಡಿಸುತ್ತಾ, ಬಿಡಿಸುತ್ತಾ ಕೂತರು.

ಮದುವೆಗೆ ಅಜೀಜ್ ಬಂದ. ಗಂಜಿ ಹಾಕಿದ ಬಿಳಿ ಜುಬ್ಬ, ಹೊಸ ಟೋಪಿ, ಅತ್ತರು. ಗಂಡಿನ ದೊಡ್ಡಪ್ಪಂದಿರ ಕೈಗೆ ತಾನೇ ನೀರು ಹಾಕಿದ. ಅವರ ಮೊಮ್ಮಕ್ಕಳ ಹೆಸರು ಕೇಳಿ ನೆನಪಿಟ್ಟುಕೊಂಡ. ಕಾಜಿಗಳ ಪಕ್ಕ ಕೂತು ಮಗಳ ಹೆಸರಿನ ಜೊತೆ ತನ್ನ ಹೆಸರು ಓದುವಾಗ ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಂಡ. ಅದು ನಟನೆಯಲ್ಲ, ನಿಜವಾಗಿ ಅತ್ತ. ಪರದೆಯ ಈಚೆಗೆ ನಿಂತು ನೋಡುತ್ತಿದ್ದ ಬಾನುವಿಗೆ ಸಹಿಸಲಾಗದ್ದು ಅದೇ. ನಟನೆಯಾಗಿದ್ದರೆ ಎಷ್ಟೋ ವಾಸಿ ಇತ್ತು.

"ಎಂಥ ತಂದೆ! ಎಷ್ಟು ಮರ್ಯಾದಸ್ತ!" ಎಂದು ಗಂಡಿನ ಕಡೆಯವರು ಹೇಳಿಕೊಂಡರು. ಕಮಲಕ್ಕ ಅನ್ನಮ್ಮನ ಕಿವಿಯಲ್ಲಿ, "ಬಿಟ್ಟು ಹೋದವನು ಬಂದಿದಾನೆ ನೋಡು, ಇನ್ನು ಇಲ್ಲೇ ನಿಲ್ತಾನೋ ಏನೋ" ಎಂದಳು. ರಹಮಾನರು ಬಾನುವಿನ ಹತ್ತಿರ ಬಂದು, "ನೀನು ಹೇಳಿದ್ದೇ ಸರಿಯಾಯ್ತಮ್ಮ. ನಾನು ಸುಮ್ಮನೆ ಬೈದೆ" ಎಂದು ಒಪ್ಪಿಕೊಂಡರು. ಬಾನು ನೆಲ ನೋಡುತ್ತಾ ನಿಂತಳು. ಊಟವಾದ ಮೇಲೆ ಅಜೀಜ್ ಸಂಜೆಯ ಬಸ್ಸು ಹಿಡಿದು ಕೊಪ್ಪಕ್ಕೆ ಹೋದ. ಹೋಗುವಾಗ ಗೋಡೆಯನ್ನೊಮ್ಮೆ ತಟ್ಟಿ, "ಗಟ್ಟಿ ಇದೆ" ಎಂದ.

ಮೊದಲ ಶುಕ್ರವಾರ ಮನೆ ತುಂಬ ಜನ. ಬಿರಿಯಾನಿಯ ವಾಸನೆ ಅನ್ನಮ್ಮನ ಮನೆ ದಾಟಿ ಹೋಯಿತು. ತಾಹೇರಾಳ ಮುಖದಲ್ಲಿ ಬಾನು ಹಿಂದೆ ಎಂದೂ ಕಾಣದ ಒಂದು ಕಳೆ ಇತ್ತು. ಜಮಾಲ್ ಅತ್ತೆಯ ಮುಂದೆ ತಲೆಯೆತ್ತದೆ ಎರಡು ಸಲ ಬಡಿಸಿಕೊಂಡ.

ಬಾನು ಮನೆಯನ್ನು ಹಿಂದಿನಿಂದ ಖಾಲಿ ಮಾಡುತ್ತಾ ಬಂದಳು. ಎರಡನೆಯ ಶುಕ್ರವಾರದ ಹೊತ್ತಿಗೆ ಹಿತ್ತಲ ಕಡೆಯ ಹಂಡೆ, ಕೊಳಗ ಹೋಗಿದ್ದವು. ಮೂರನೆಯದಕ್ಕೆ ಅಟ್ಟದ ಮೇಲಿನದೆಲ್ಲ ಹೋಯಿತು. ಬಾನು ಆಮೇಲೆ ವಿಷಯ ಹೇಳಿಕೊಂಡದ್ದು ಭೈರಮ್ಮನೊಬ್ಬಳಿಗೇ. ಭೈರಮ್ಮ ಮುತ್ತಿನಕೊಪ್ಪದಲ್ಲಿ ತನ್ನ ಮನೆಯ ಹಿಂದೆ ಬಾನುವಿಗೆಂದು ಒಂದು ಮಾಡು ಇಳಿಸಿ, ತಟ್ಟಿ ಕಟ್ಟಿ, ನೆಲ ಸಾರಿಸಿ ಇಟ್ಟಿದ್ದಳು. ಸಾಮಾನು ಒಯ್ಯಲು ಬಂದಾಗಲೆಲ್ಲ ಅವಳು ಬೈಯುತ್ತಲೇ ಬಂದಳು.

"ಮಗಳಿಗೆ ಹೇಳೇ. ಹೆತ್ತವಳಿಗೆ ಮನೆ ಇಲ್ಲ ಅಂತ ಮಗಳಿಗೆ ಗೊತ್ತಿರ್ಬಾರ್ದಾ?"

"ಅವಳಿಗೆ ಹೇಳಿದ್ರೆ ಅವಳು ಜಮಾಲನಿಗೆ ಹೇಳ್ತಾಳೆ. ಜಮಾಲ ಅವನಮ್ಮನಿಗೆ ಹೇಳ್ತಾನೆ. ಅವಳಬ್ಬಾ ಬಂದು ಕೂತದ್ದು ಮನೆಗೋಸ್ಕರ ಅಂತ ಆದ್ರೆ, ಬಂದೂ ಬರದ ಹಾಗೇ ಅಲ್ಲವಾ ಭೈರಮ್ಮ?"

"ಊರಿಗೆಲ್ಲ ಸಣ್ಣ ತೂತು ತೋರ್ಸೋಳು, ಇಷ್ಟು ದೊಡ್ಡದನ್ನ ಮುಚ್ಚಿಟ್ಕತೀಯ?"

ಬಾನು ಹಗ್ಗ ಬಿಗಿಯುತ್ತಿದ್ದಳು. ಗಂಟು ಕೂರಲಿಲ್ಲ. ಭೈರಮ್ಮ ಹಗ್ಗವನ್ನು ಕಿತ್ತುಕೊಂಡು ತಾನೇ ಬಿಗಿದಳು.

ನಾಲ್ಕನೆಯ ಶುಕ್ರವಾರ ತಾಹೇರಾ ಖಾಲಿ ಹಲಗೆಗಳನ್ನು ನೋಡಿ ಕೇಳಿಯೇಬಿಟ್ಟಳು. "ಬಟ್ಟೆ ಎಲ್ಲ ಎಲ್ಲಿ ಅಮ್ಮಿ?"

"ಮದುವೆ ಸೀಸನ್ನಲ್ಲವಾ, ಖಾಲಿ ಆಯ್ತು. ಹೊಸ ಗಂಟು ಬರೋದಿದೆ."

"ನನ್ನ ಮಿಷನ್ನು?"

"ರಿಪೇರಿಗೆ ಕೊಟ್ಟಿದ್ದೀನಿ. ಏನೋ ಡಿಫೆಕ್ಟು."

ತಾಹೇರಾ ತಾಯಿಯ ಮುಖವನ್ನೇ ನೋಡಿದಳು. ಈ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ತಾಯಿ ಏನನ್ನಾದರೂ ಮುಚ್ಚಿಟ್ಟಾಳೆಂಬ ಯೋಚನೆ ಬರುವುದಾದರೂ ಹೇಗೆ? ನಂಬಿದಳು. ನಂಬಿದ್ದು ಕಂಡು ಬಾನು ಒಲೆಯ ಬಳಿಗೆ ಹೋಗಿ, ಕುದಿಯದ ಸಾರಿನ ಮುಂದೆ ಸೌಟು ಹಿಡಿದು ನಿಂತಳು.

ಐದನೆಯ ಶುಕ್ರವಾರ ಮೂರೇ ಜನ ಉಂಡರು. ಮೀನು ಮಾಡಿದ್ದಳು. ಬಡಿಸುವಾಗ ಉಪ್ಪು ಹೆಚ್ಚೆಂದಾಗಲಿ ಕಮ್ಮಿಯೆಂದಾಗಲಿ ಹೇಳಲಿಲ್ಲ. "ಇವತ್ತು ಅಮ್ಮಿ ಅಡುಗೆಗೆ ಹೆಸರಿಡಲೇ ಇಲ್ಲ" ಎಂದು ತಾಹೇರಾ ಗಂಡನ ಕಡೆ ನೋಡಿ ನಕ್ಕಳು. ಊಟವಾದ ಮೇಲೆ ಹಿಂದಿನ ಕೋಣೆಯ ಕಿಟಕಿಯ ಕೆಳಗೆ, ಚಿಕ್ಕಂದಿನಿಂದ ಮಲಗುತ್ತಿದ್ದ ಜಾಗದಲ್ಲೇ ಕಾಲು ಚಾಚಿದಳು.

"ಬಕ್ರೀದ್ ಮುಗಿಸಿಕೊಂಡು ಬರ್ತೀನಿ ಅಮ್ಮಿ. ಹದಿನೈದು ದಿನ ಇರ್ತೀನಿ. ಇಲ್ಲೇ ಮಲಗೋದು, ಅವರು ಬೇಕಾದ್ರೆ ಮುಂದಿನ ಕೋಣೆಯಲ್ಲಿ ಮಲಗಲಿ. ಆಗಬಹುದಾ?"

"ಬಾ" ಎಂದಳು ಬಾನು. "ಬಾ ಮಗಳೇ."

ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದಳು.

ಮಾರನೆಯ ಬೆಳಿಗ್ಗೆ ಎದ್ದು ಎರಡು ಕೋಣೆಗಳನ್ನೂ ಗುಡಿಸಿದಳು. ಗೋಡೌನಾಗುವ ಮನೆಯನ್ನು ಯಾಕೆ ಗುಡಿಸುವುದೆಂದು ತನಗೇ ಅನ್ನಿಸಿದರೂ ಮೂಲೆ ಮೂಲೆ ಬಿಡದೆ ಗುಡಿಸಿದಳು. ಒಲೆಯ ಬೂದಿ ತೆಗೆದಳು. ಅಜೀಜ್ ಕಂಡಕ್ಟರನ ಕೈಯಲ್ಲಿ ಹೊಸ ಬೀಗವೊಂದನ್ನು ಕಳಿಸಿದ್ದ. ಹಾಕಿ, ಬೀಗದಕೈಯನ್ನು ಅದೇ ಕಂಡಕ್ಟರನಿಗೆ ಕೊಡಬೇಕೆಂದು ಹೇಳಿ ಕಳಿಸಿದ್ದ. ಉಳಿದಿದ್ದದ್ದು ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ಅವನ್ನು ಭೈರಮ್ಮ ಮುಂಚೆಯೇ ತಲೆಯ ಮೇಲೆ ಹೊತ್ತು ಬಸ್ ಸ್ಟ್ಯಾಂಡಿಗೆ ಹೋಗಿದ್ದಳು.

ಬಾನು ಬಾಗಿಲೆಳೆದು ಬೀಗ ಸಿಕ್ಕಿಸಿದಳು. ಹೊಸ ಬೀಗ, ಕೊಂಡಿ ಕೂರಲಿಲ್ಲ. ಒತ್ತಿದಳು, ತಿರುವಿದಳು, ಮತ್ತೆ ಒತ್ತಿದಳು. ಎದುರುಮನೆಯಿಂದ ನೋಡುತ್ತಿದ್ದ ಅನ್ನಮ್ಮ ಅಂಗಳ ದಾಟಿ ಬಂದಳು.

"ಕೊಡು ಇಲ್ಲಿ. ಹೀಗೆ ಎತ್ತಿ ಒತ್ತಬೇಕು ಮಾರಾಯ್ತಿ." ಟಕ್ಕೆಂದು ಬೀಗ ಬಿತ್ತು. ಅನ್ನಮ್ಮ ಅದನ್ನು ಎರಡು ಸಲ ಜಗ್ಗಿ ನೋಡಿ, ಬೀಗದಕೈಯನ್ನು ಬಾನುವಿನ ಅಂಗೈಯಲ್ಲಿಟ್ಟಳು. "ಎಲ್ಲಿಗೆ, ಬಾಳೆಹೊನ್ನೂರಿಗಾ?"

"ಇಲ್ಲ. ಮುತ್ತಿನಕೊಪ್ಪಕ್ಕೆ."

"ಎಷ್ಟು ದಿನಕ್ಕೆ?"

"ನೋಡ್ಬೇಕು."

"ಅಷ್ಟರಲ್ಲಿ ತಾಹೇರಾ ಏನಾದ್ರೂ ಬಂದುಬಿಟ್ರೆ? ಎಂತ ಹೇಳ್ಲಿ ಅವಳಿಗೆ?"

 ಐದು ವಾರ ಒಬ್ಬೊಬ್ಬರಿಗೂ ಒಂದೊಂದು ಸಬೂಬು ಹೊಂದಿಸಿಕೊಂಡು ಬಂದಿದ್ದ ಬಾನು ಈ ಒಂದು ಪ್ರಶ್ನೆಗೆ ಏನನ್ನೂ ಹೊಂದಿಸಿಟ್ಟಿರಲಿಲ್ಲ. ಅನ್ನಮ್ಮ ಕಾಯುತ್ತಾ ನಿಂತಿದ್ದಳು. ದೂರದಲ್ಲಿ ಬಸ್ಸು ಹಾರನ್ ಹೊಡೆಯಿತು. ಬಾನು ಬೀಗದಕೈಯನ್ನು ಸೆರಗಿನ ತುದಿಯಲ್ಲಿ ಕಟ್ಟಿಕೊಂಡು, ಮೆಟ್ಟಿಲಿಳಿದು, ಬೀದಿಗೆ ನಡೆದಳು.